ನಾಲ್ಕು ನಿಮಿಷದ ಹಳದಿ

ಮಲಪ್ರಭಾ ವಿಶ್ವವಿದ್ಯಾಲಯದ ಗಣಿತ ವಿಭಾಗಕ್ಕೆ ತಾಳೆಯಂತ್ರ ಬಂದ ಮೇಲೆ ಗುರುವಾರದ ಸೆಮಿನಾರು ಸಂಜೆ ಐದಕ್ಕೆ ಸರಿಯಾಗಿ ಮುಗಿಯತೊಡಗಿತು. ಇದರಲ್ಲೇನು ದೊಡ್ಡ ಮಾತು ಎಂದು ಹೊರಗಿನವರು ಕೇಳಬಹುದು. ಆ ಸೆಮಿನಾರಿನಲ್ಲಿ ಕೂತು ಎದ್ದವರಿಗೆ ಮಾತ್ರ ಅದರ ತೂಕ ಗೊತ್ತು. ನಾಲ್ಕಕ್ಕೆ ಶುರುವಾದದ್ದು ಏಳಾದರೂ ಮುಗಿಯದೆ, ಜವಾನ ಬೀಗದ ಕೈ ಗಲಗಲ ಅಲ್ಲಾಡಿಸಿ, ಕೊನೆಗೆ ಫ್ಯಾನು ಆರಿಸಿ ಪ್ರೊಫೆಸರುಗಳನ್ನು ಹೊರಗೆ ಹಾಕುತ್ತಿದ್ದ ಕಾಲವೊಂದಿತ್ತು.

ತಡವಾಗುತ್ತಿದ್ದುದಕ್ಕೆ ಕಾರಣ ಅಲ್ಲಿಯ ಒಂದು ಪದ್ಧತಿ. ವಿಭಾಗ ಕಟ್ಟಿದ ಹಿರಿಯರು ಹಾಕಿಕೊಟ್ಟದ್ದು. ಅದಕ್ಕೆ ಮರುಹೇಳಿಕೆ ಎಂದು ಹೆಸರು. ಒಬ್ಬರು ತಮ್ಮ ಪ್ರಮೇಯವನ್ನೂ ಅದರ ಸಾಧನೆಯನ್ನೂ ಹಲಗೆಯ ಮೇಲೆ ಬರೆದು ತೋರಿಸಿದರೆ ಕೆಲಸ ಮುಗಿಯುತ್ತಿರಲಿಲ್ಲ. ಕೇಳುತ್ತ ಕೂತವರಲ್ಲಿ ಯಾರಾದರೂ ಎದ್ದು ಹೋಗಿ, ಸುಣ್ಣದ ಕಡ್ಡಿ ಇಸಿದುಕೊಂಡು, ಆ ಸಾಧನೆಯ ಅತಿ ಕಠಿಣ ಹೆಜ್ಜೆಯನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. ಕೇಳಿದವರು ತಡವರಿಸಿದರೆ ಹೇಳಿದವರು ತಿದ್ದಬೇಕು. ಹೇಳಿದವರೇ ತಡವರಿಸಿದರೆ ಎಲ್ಲೋ ತೂತು ಇದೆ ಎಂದೇ ಅರ್ಥ. ಒಬ್ಬರ ತಲೆಯಲ್ಲಿದ್ದದ್ದು ಇನ್ನೊಂದು ತಲೆಗೆ ಇಳಿಯುವವರೆಗೆ ಚಹಾ ಬರುತ್ತಿರಲಿಲ್ಲ.

ಈ ಸೆಮಿನಾರಿನ ಸಂಚಾಲಕರು ಪ್ರೊಫೆಸರ್ ಮಹಾರುದ್ರ ಮುಳಗುಂದ. ಗಂಟುಗಳ ಗಣಿತದಲ್ಲಿ ಕೂದಲು ಹಣ್ಣಾದವರು. ಅದೇ ವಿಷಯದಲ್ಲಿ ಅವರಿಗಿಂತ ಎಂಟು ವರ್ಷ ಚಿಕ್ಕವರು ಡಾಕ್ಟರ್ ಪದ್ಮಲತಾ ಉಪಾಧ್ಯೆ. ಆಕೆಯ ಚೀಲದಲ್ಲಿ ಪುಸ್ತಕವಿರಲಿ ಬಿಡಲಿ, ಸೀರೆಯೊಳಗಿನ ಪರಕರಕ್ಕೆ ಹಾಕುವಂಥ ಒಂದು ಬಿಳಿ ಲಾಡಿ ಇದ್ದೇ ಇರುತ್ತಿತ್ತು. ಅದರ ಎರಡೂ ತುದಿ ಹೊಲಿದು ಬಳೆ ಮಾಡಿ, ಸಿಕ್ಕು ಹಾಕಿ, ಹಲಗೆಯ ಮುಂದೆ ನಿಂತು ಬಿಡಿಸಿ ತೋರಿಸುತ್ತಿದ್ದರು. ಬೆನ್ನ ಹಿಂದೆ ಎಲ್ಲರೂ ಅವರನ್ನು ಲಾಡಿ ಮೇಡಂ ಎನ್ನುತ್ತಿದ್ದರು. ಅವರಿಗೂ ಅದು ಗೊತ್ತಿತ್ತು. ಅವರ ಭಾಷಣಕ್ಕೆ ಮರುಹೇಳಿಕೆ ಮಾಡುತ್ತಿದ್ದವರು ಯಾವಾಗಲೂ ಮುಳಗುಂದರೇ. ಎದ್ದು ಹೋಗಿ ಲಾಡಿ ಇಸಿದುಕೊಂಡು, “ಹಿಂಗ ತಿರುವಿ, ಇದನ್ನ ಇದರ ಕೆಳಗಿಂದ ತಗೀಬೇಕು, ಅಲ್ಲೇನ್ರಿ?” ಎನ್ನುವರು. ಆಕೆ, “ಅಲ್ರಿ ಸರ, ಮೊದಲ ಎಡಗೈ ಬಿಡ್ರಿ,” ಎಂದು ನಗುವರು.

ಇಬ್ಬರ ಕಣ್ಣೂ ಒಂದೇ ಪ್ರಶ್ನೆಯ ಮೇಲಿತ್ತು. ಸಿಕ್ಕಾದ ದಾರವನ್ನು ಬಿಡಿಸುವಾಗ ಕೆಲವು ಸಲ ಮೊದಲು ಅದನ್ನು ಇನ್ನಷ್ಟು ಸಿಕ್ಕು ಮಾಡಬೇಕಾಗುತ್ತದೆ. ಹೆಣಿಗೆ ಗೊತ್ತಿದ್ದ ಯಾವ ಅಜ್ಜಿಯಾದರೂ ಇದನ್ನು ಹೇಳಿಯಾಳು. ಹಾಗಾದರೆ ಎಷ್ಟು ಹೆಚ್ಚು? ಒಂದು ಜಾತಿಯ ಗಂಟುಗಳಲ್ಲಿ ಎರಡೇ ಎರಡು ಸುತ್ತು ಹೆಚ್ಚಿಸಿದರೆ ಸಾಕು, ಎಂದೂ ಮೂರನೆಯದು ಬೇಡ ಎಂಬುದು ಇಬ್ಬರ ಊಹೆ. ಅದನ್ನು ಸಾಧಿಸಲು ಮುಳಗುಂದರು ಹನ್ನೆರಡು ವರ್ಷ ಹೆಣಗಿ ಕೈಬಿಟ್ಟಿದ್ದರು. ಆಕೆ ಬಿಟ್ಟಿರಲಿಲ್ಲ.

ಅಷ್ಟರಲ್ಲಿ ತಾಳೆಯಂತ್ರ ಬಂತು. ತಂದವರೂ ಮುಳಗುಂದರೇ. ಸಭಾಂಗಣದ ಹಿಂದಿನ ಗೋಡೆಗೆ ಒಂದು ಕ್ಯಾಮೆರಾ, ಕೆಳಗಿನ ಅಂತಸ್ತಿನ ತಣ್ಣಗಿನ ಕೋಣೆಯಲ್ಲಿ ಆಳೆತ್ತರದ ನಾಲ್ಕು ಕಪ್ಪು ಕಪಾಟು, ಕರಿಹಲಗೆಯ ನೆತ್ತಿಯ ಮೇಲೆ ಒಂದು ದೀಪ. ಕ್ಯಾಮೆರಾ ಹಲಗೆಯನ್ನು ಓದುತ್ತದೆ. ಬರೆಯುವವರ ಮೈ ಅಡ್ಡ ಬರಬಾರದೆಂದು ಚಿತ್ರದಿಂದ ಮನುಷ್ಯರನ್ನು ಅಳಿಸಿ, ಬರಹವನ್ನಷ್ಟೇ ಉಳಿಸಿಕೊಳ್ಳುತ್ತದೆ. ಆಮೇಲೆ ಒಂದೊಂದು ಸಾಲನ್ನೂ ಸಣ್ಣ ಸಣ್ಣ ತರ್ಕದ ತುಂಡುಗಳಾಗಿ ಒಡೆದು, ಹಿಂದಿನ ಸಾಲಿನಿಂದ ಮುಂದಿನ ಸಾಲು ಹೊರಡುತ್ತದೋ ಇಲ್ಲವೋ ತಾಳೆ ನೋಡುತ್ತದೆ. ಹೊರಟರೆ ಹಸಿರು. ತಪ್ಪು ಸಿಕ್ಕರೆ ಕೆಂಪು. ಎರಡೂ ಗೊತ್ತಾಗದಿದ್ದರೆ ಹಳದಿ ಹೊತ್ತಿಸಿಕೊಂಡು ಹುಡುಕುತ್ತಲೇ ಇರುತ್ತದೆ.

ಮೊದಲ ವರ್ಷ ಹಬ್ಬವೋ ಹಬ್ಬ. ಅಕ್ಕಪಕ್ಕದ ಜಿಲ್ಲೆಗಳ ಮೇಷ್ಟ್ರುಗಳೆಲ್ಲ ದೀಪ ನೋಡಲು ಬಂದರು. ಆದರೆ ಕುಲಪತಿಗಳೇ ಮುಂದಿನ ಸಾಲಿನಲ್ಲಿ ಕೂತ ದಿನ, ಹೊರಗಿನಿಂದ ಬಂದ ವಿದ್ವಾಂಸರೊಬ್ಬರ ಮೂರನೆಯ ಸಾಲಿಗೇ ಹಳದಿ ಬಂದು ಐವತ್ತು ನಿಮಿಷ ಕದಲಲಿಲ್ಲ. ವಿದ್ವಾಂಸರು ಬೆವರು ಒರೆಸಿಕೊಂಡರು, ಕುಲಪತಿಗಳು ಆಕಳಿಸಿದರು. ಮರುದಿನವೇ ಮುಳಗುಂದರು ವಿಭಾಗದ ಸಭೆ ಕರೆದರು. ನಾಲ್ಕು ನಿಮಿಷದಲ್ಲಿ ಹಳದಿ ಹಸಿರಾಗದಿದ್ದರೆ ದೀಪ ತಾನಾಗಿ ಕೆಂಪಾಗಬೇಕು, ಭಾಷಣಕಾರ ಅಲ್ಲಿಗೆ ನಿಲ್ಲಿಸಿ ಇಳಿಯಬೇಕು ಎಂಬುದು ಅವರ ಸೂಚನೆ.

“ಸರ, ಸಾಧಿಸಿಲ್ಲ ಅನ್ನೋದು ಬ್ಯಾರೆ, ಸುಳ್ಳು ಅನ್ನೋದು ಬ್ಯಾರೆ,” ಎಂದರು ಪದ್ಮಲತಾ. “ಮೊದಲನೇ ವರ್ಷದ ಹುಡುಗರಿಗೆ ಇದನ್ನ ನಾವ ಕಲಿಸ್ತೀವಿ. ನಮ್ಮ ಬಸದಿ ಪಂಡಿತರು ಅಸ್ತಿ, ನಾಸ್ತಿ ಎರಡರ ಮ್ಯಾಲ ಅವಕ್ತವ್ಯ ಅಂತ ಒಂದು ಇಟ್ಟಾರ. ಹೇಳಾಕ ಬರಂಗಿಲ್ಲ ಅಂತ ಹೇಳೂ ಧೈರ್ಯ ಅದು. ನೀವು ಅದನ್ನ ಆರಿಸಾಕ ಹೊಂಟೀರಿ.”

“ಮೇಡಂ, ಐದಕ್ಕ ಹಾಲ್ ಖಾಲಿ ಮಾಡಬೇಕು,” ಎಂದರು ಮುಳಗುಂದರು. ಎಲ್ಲರೂ ನಕ್ಕರು. ನಿಯಮ ಪಾಸಾಯಿತು. ಇನ್ನು ದೀಪವೇ ಹೇಳುವಾಗ ಮರುಹೇಳಿಕೆ ಯಾಕೆ ಎಂದು ಯಾರೋ ಕೇಳಿದರು. ಅದನ್ನು ನಿಲ್ಲಿಸಬೇಕೆಂದು ಯಾರೂ ಠರಾವು ಮಾಡಲಿಲ್ಲ. ಮುಂದಿನ ಗುರುವಾರ ಯಾರೂ ಎದ್ದು ಹೋಗಲಿಲ್ಲ, ಅಷ್ಟೇ.

ಮುಳಗುಂದರ ಮನೆಯಲ್ಲಿ ಹೆಂಡತಿ ಸುವರ್ಣಮ್ಮನವರಿಗೆ ಹಿಗ್ಗು. ಮದುವೆಯಾದಾಗಿನಿಂದ ಗುರುವಾರ ಗಂಡನ ಮುಖವನ್ನು ಅವರು ಬೆಳಕಿನಲ್ಲಿ ನೋಡಿರಲಿಲ್ಲ. ಈಗ ಐದೂವರೆಗೆ ಚಪ್ಪಲಿ ಬಿಡುವ ಸದ್ದು. ಇಬ್ಬರೂ ಸಂತೆಗೆ ಹೋಗಿ ಬದನೆಕಾಯಿ ಆರಿಸುವಷ್ಟು ಪುರಸೊತ್ತು. ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಮಗ್ಗಿ ಹೇಳಿಸಿದ ಆ ತಾಯಿ ಒಂದು ದಿನ ಸೊಪ್ಪು ಸೋಸುತ್ತ ಕೇಳಿದರು: “ಅಲ್ರೀ, ಹುಡುಗ ಲೆಕ್ಕ ಸರಿ ಮಾಡಿದ್ರೂ ಫಲಕದ ಮುಂದ ನಿಲ್ಲಿಸಿ ಹ್ಯಾಂಗ ಮಾಡಿದಿ ಅಂತ ಕೇಳ್ತಿದ್ವಿ ನಾವು. ನೀವು ದೊಡ್ಡವರು, ಕೇಳಾಂಗಿಲ್ಲೇನು?”

“ನಿಮ್ಮ ಸಾಲಿ ಬ್ಯಾರೆ, ನಮ್ಮ ಸಾಲಿ ಬ್ಯಾರೆ,” ಎಂದು ಮುಳಗುಂದರು ಪೇಪರು ಬಿಚ್ಚಿದರು.

ಮೂರು ವರ್ಷದ ನಂತರ, ಒಂದು ಶ್ರಾವಣದ ಗುರುವಾರ, ಸೆಮಿನಾರಿನ ಸೂಚನಾ ಫಲಕದ ಮೇಲೆ ಪದ್ಮಲತಾ ಉಪಾಧ್ಯೆಯವರ ಹೆಸರು ಬಂತು. ವಿಷಯ: ಗಂಟು ಬಿಡಿಸಲು ಎರಡು ಸುತ್ತು ಸಾಕು. ಓದಿದ ಕೂಡಲೇ ಮುಳಗುಂದರಿಗೆ ಆದದ್ದು ಸಂತೋಷವಲ್ಲ, ಅದು ಅವರಿಗೆ ಆ ಕ್ಷಣವೇ ಗೊತ್ತಾಗಿತ್ತು. ಮುಂದೆ ಎಷ್ಟೋ ವರ್ಷ ಅದಕ್ಕೆ ಬೇರೆ ಬೇರೆ ಹೆಸರಿಟ್ಟು ನೋಡಿದರೂ ಅದು ಹೊಟ್ಟೆಕಿಚ್ಚೇ ಆಗಿತ್ತು.

ಅಂದು ದಿಲ್ಲಿಯಿಂದ ಪರಿಶೀಲನಾ ಸಮಿತಿಯವರು ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಪದ್ಮಲತಾ ಅಚ್ಚುಕಟ್ಟಾಗಿ ಬರೆಯುತ್ತ ಹೋದರು. ಮೊದಲ ಆರು ಹೆಜ್ಜೆಗೂ ಹಸಿರು. ಏಳನೆಯದಕ್ಕೆ ಒಂದು ಚಿತ್ರ ಬರೆದು, ಬಾಣದ ಗುರುತು ಹಾಕಿ, ಚೀಲದಿಂದ ಲಾಡಿ ತೆಗೆದರು. “ಇದನ್ನ ಬರದು ತೋರ್ಸೋದಕ್ಕಿಂತ ಕೈಲೇ ತೋರ್ಸೋದು ಸಲೀಸರಿ,” ಎಂದು ಬೆರಳುಗಳ ನಡುವೆ ದಾರವನ್ನು ಒಮ್ಮೆ ಒಳಗೆ ಹಾಕಿ, ಮುಂಗೈ ಹೊರಳಿಸಿ, ಬಿಟ್ಟರು. ಸಿಕ್ಕು ತಾನಾಗಿ ಇಳಿದುಹೋಯಿತು. ಮುಳಗುಂದರು ನೋಡಿದರು. ಪೂರ್ತಿ ತಿಳಿಯಲಿಲ್ಲ, ಏನೋ ಇದೆ ಎನ್ನುವುದು ಮಾತ್ರ ತಿಳಿಯಿತು. ಹನ್ನೆರಡು ವರ್ಷ ತಾವು ಹುಡುಕಿದ್ದು ಆ ಮುಂಗೈಯ ಹೊರಳಿನಲ್ಲಿದೆ ಎನಿಸಿತು.

ಹಲಗೆಯ ನೆತ್ತಿಯ ಮೇಲೆ ಹಳದಿ ಹೊತ್ತಿಕೊಂಡಿತು.

ದೀಪಕ್ಕೆ ಬೆನ್ನು ಮಾಡಿ ನಿಂತವರಿಗೆ ಅದು ಕಾಣುವುದಿಲ್ಲ. ಭಾಷಣಕಾರರು ಎದುರಿಗೆ ಕೂತವರ ಮುಖ ನೋಡಿಯೇ ದೀಪದ ಬಣ್ಣ ತಿಳಿಯುತ್ತಿದ್ದರು. ಪದ್ಮಲತಾ ಲಾಡಿ ಕೈಯಲ್ಲಿ ಹಿಡಿದು ಮುಳಗುಂದರನ್ನೇ ನೋಡುತ್ತ ನಿಂತರು. ಒಂದು ನಿಮಿಷ, ಎರಡು ನಿಮಿಷ. ಸಮಿತಿಯವರು ಗಡಿಯಾರ ನೋಡಿಕೊಂಡರು. ಉಳಿದ ಕಿರಿಯರಲ್ಲಿ ಕೆಲವರು ಕಾಗದ ತಿರುವುತ್ತಿದ್ದರು, ಕೆಲವರು ಮೊಬೈಲು. ಈಗ ಎದ್ದು ಹೋಗಿ ಆ ಲಾಡಿ ಇಸಿದುಕೊಳ್ಳಬೇಕು ಎಂದು ಮುಳಗುಂದರಿಗೆ ಅನ್ನಿಸಿತು, ಏಳಲಿಲ್ಲ. ನಾಲ್ಕು ನಿಮಿಷಕ್ಕೆ ದೀಪ ಕೆಂಪಾಯಿತು. ದಿಲ್ಲಿಯವರಲ್ಲೊಬ್ಬರು ತುಟಿ ಸೊಟ್ಟ ಮಾಡಿ ತಲೆಯಾಡಿಸಿದ್ದು ಪದ್ಮಲತಾ ಅವರಿಗೆ ಕಂಡಿತು. ಅದು ತಪ್ಪು ಸಿಕ್ಕ ಕೆಂಪೋ, ಹೊತ್ತು ಮೀರಿದ ಕೆಂಪೋ ಎಂಬುದು ಮಾತ್ರ ಮುಖ ನೋಡಿ ತಿಳಿಯುವಂತಿರಲಿಲ್ಲ.

“ಕೆಂಪೇನ್ರಿ ಸರ?” ಎಂದು ಕೇಳಿದರು.

“ಹೌದ್ರಿ, ಕೆಂಪು,” ಎಂದರು ಮುಳಗುಂದರು. ಮೊದಲು ಹಳದಿ ಇತ್ತು ಎಂಬ ಒಂದು ಮಾತು ಬಾಯಿಯವರೆಗೆ ಬಂದಿತ್ತು. ಹಳದಿ ಎಂದರೆ ಮೂರು ವರ್ಷದ ಹಿಂದೆ ಆ ನಿಯಮದ ಸಭೆಯಲ್ಲಿ ಆಕೆ ಆಡಿದ್ದೇ ಸರಿ ಎಂದು ದಿಲ್ಲಿಯವರ ಮುಂದೆ ಒಪ್ಪಿದಂತೆ. ಅದಲ್ಲದೆ ಗಂಟೆ ಐದಾಗಲು ಹತ್ತೇ ನಿಮಿಷವಿತ್ತು. ಆಕೆ ಹಲಗೆಯನ್ನು ತಾವೇ ಒರೆಸಿ, ಲಾಡಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಇಳಿದರು. ಚಹಾ ಸಮಯಕ್ಕೆ ಸರಿಯಾಗಿ ಬಂತು.

ವರದಿಯಲ್ಲಿ ‘ಸಾಧನೆ ತಪ್ಪು’ ಎಂದು ದಾಖಲಾಯಿತು. ಹಸಿರು ಬಂತೆಂಬ ಯಂತ್ರದ ಚೀಟಿಯಿಲ್ಲದೆ ಗಣಿತದ ಪತ್ರಿಕೆಗಳು ಲೇಖನ ಮುಟ್ಟುತ್ತಿರಲಿಲ್ಲ. ನಲವತ್ತನೆಯ ದಿನ ಪದ್ಮಲತಾ ರಾಜೀನಾಮೆ ಕೊಟ್ಟು, ತೇರದಾಳದ ಒಂದು ಹೆಣ್ಣುಮಕ್ಕಳ ಕಾಲೇಜಿಗೆ ಗಣಿತ ಕಲಿಸಲು ಹೋದರು. ಬೀಳ್ಕೊಡುಗೆಯ ಭಾಷಣ ಮಾಡಿದವರು ಮುಳಗುಂದರು. ಚೆನ್ನಾಗಿ ಮಾತಾಡಿದರು ಎಂದು ಎಲ್ಲರೂ ಹೊಗಳಿದರು.

ಅಂದು ಮನೆಯಲ್ಲಿ ಅವರು ಊಟಕ್ಕೆ ಕೂತು ರೊಟ್ಟಿ ಮುರಿದದ್ದೇ ಬಂತು, ಬಾಯಿಗೆ ಹೋಗಲಿಲ್ಲ. “ಏನಾತು?” ಎಂದರು ಸುವರ್ಣಮ್ಮ. “ಏನಿಲ್ಲ” ಎಂದರು. ಆ ‘ಏನಿಲ್ಲ’ ಹನ್ನೊಂದು ವರ್ಷ ನಡೆಯಿತು.

ಹನ್ನೊಂದು ವರ್ಷದ ಹೊತ್ತಿಗೆ ಮುಳಗುಂದರು ನಿವೃತ್ತರಾಗಿದ್ದರು. ಸೆಮಿನಾರು ಈಗ ತಿಂಗಳಿಗೊಮ್ಮೆ. ಸಾಧನೆಯನ್ನು ಮನೆಯಿಂದಲೇ ಯಂತ್ರಕ್ಕೆ ಕಳಿಸಿ ಹಸಿರು ಚೀಟಿ ಪಡೆದ ಮೇಲೆ ಊರೂರಿಗೆ ಹೋಗಿ ಹಲಗೆಯ ಮುಂದೆ ನಿಲ್ಲುವ ಕೆಲಸ ಯಾರಿಗೆ ಬೇಕು? ಒಂದು ಮುಂಜಾನೆ ಮೌಲಾಲಿ ನದಾಫ ಫೋನು ಮಾಡಿದ. ಯಂತ್ರ ಬಂದ ದಿನದಿಂದ ಅದರ ಕೋಣೆ ನೋಡಿಕೊಂಡಿದ್ದ ತಂತ್ರಜ್ಞ, ಈಗ ಅವನ ಗಡ್ಡವೂ ಬೆಳ್ಳಗಾಗಿತ್ತು. “ಸರ, ಹಳೇ ಕಪಾಟು ಬಿಚ್ಚಾಕ ಹತ್ತೀವಿ. ನೀವು ಒಮ್ಮಿ ಬಂದು ಹೋಗ್ರಿ. ಫೋನಿನ್ಯಾಗ ಹೇಳೂದಲ್ಲ.”

ಕೋಣೆಯಲ್ಲಿ ಮೂರು ಕಪಾಟು ಆಗಲೇ ಬಿಚ್ಚಿ ಬಿದ್ದಿದ್ದವು. ನಾಲ್ಕನೆಯದಕ್ಕೆ ತಂತಿ ಹಚ್ಚಿ ಮೌಲಾಲಿ ಪರದೆ ತೋರಿಸಿದ.

“ನಾಲ್ಕು ನಿಮಿಷದ್ದು ನೀವು ದೀಪಕ್ಕ ಹಾಕ್ಸಿದ್ರಿ ಸರ, ಮಷಿನ್ನಿಗೆ ಅಲ್ಲ. ದೀಪ ಕೆಂಪಾದ್ರೂ ಇದು ಒಳಗ ಹುಡುಕೂದು ಬಿಟ್ಟಿಲ್ಲ. ಬಿಡುವು ಸಿಕ್ಕಾಗೆಲ್ಲ ಉಳಿದಿದ್ದನ್ನ ನೋಡೇತಿ, ಸಿಕ್ಕಿದ್ದು ಇಲ್ಲಿ ಬರದು ಇಟ್ಟೈತಿ. ಈ ಪಟ್ಟಿ ಐತಿ ಅಂತ ನನಗೂ ಗೊತ್ತಿದ್ದಿಲ್ಲ, ಖುರಾನ್ ಮ್ಯಾಲ ಆಣೆ. ಭಾಳಷ್ಟು ಖರೇನ ತಪ್ಪು ಅದಾವು. ಇದೊಂದು ನೋಡ್ರಿ.”

ಉಪಾಧ್ಯೆ ಪಿ. ಏಳನೆಯ ಹೆಜ್ಜೆ. ಹಸಿರು.

ಮುಳಗುಂದರು ಆ ಸಾಲಿನ ಮೇಲೆ ಬೆರಳಿಟ್ಟು ಮತ್ತೊಮ್ಮೆ ಓದಿದರು. “ಯಾವಾಗ?” ಎಂದರು.

“ಸೆಮಿನಾರ ಆಗಿ ಹತ್ತೊಂಬತ್ತನೇ ದಿನಕ್ಕ, ಸರ.”

ಆಕೆಯ ರಾಜೀನಾಮೆಗೆ ಇನ್ನೂ ಮೂರು ವಾರವಿತ್ತು. ಆ ಮೂರು ವಾರ ಈ ಕೋಣೆಯ ಮುಂದಿನ ಮೆಟ್ಟಿಲನ್ನೇ ದಿನಾ ಹತ್ತಿ ಇಳಿದಿದ್ದರು ಮುಳಗುಂದರು.

ಯಂತ್ರ ಆ ಹೆಜ್ಜೆಯನ್ನು ಹೇಗೆ ದಾಟಿತು ಎಂಬುದನ್ನೂ ಬರೆದಿಟ್ಟಿತ್ತು: ಆರು ಲಕ್ಷ ಸಾಲು. ಮೌಲಾಲಿ ಅದನ್ನೂ ಹಲಗೆಯ ಚಿತ್ರಗಳನ್ನೂ ಒಂದು ಪೆನ್‌ಡ್ರೈವಿಗೆ ಹಾಕಿಕೊಟ್ಟ. ಮುಳಗುಂದರು ಮನೆಯಲ್ಲಿ ಹದಿನೈದು ದಿನ ಕೂತು ಓದಿದರು. ಯಾವ ಸಾಲನ್ನು ಹಿಡಿದರೂ ಹಿಂದಿನದರಿಂದ ಸರಿಯಾಗಿಯೇ ಹೊರಡುತ್ತಿತ್ತು. ಸಾವಿರ ಸಾಲು ಓದಿ ತಲೆ ಎತ್ತಿದರೆ ಎಲ್ಲಿಂದ ಎಲ್ಲಿಗೆ ಬಂದೆವೆಂಬುದೇ ಇಲ್ಲ. ಆಕೆ ಒಂದು ಮುಂಗೈ ಹೊರಳಿಸಿ ಹೇಳಿದ್ದನ್ನು ಯಂತ್ರ ಸೂಜಿಯಿಂದ ಬಾವಿ ತೋಡಿದಂತೆ ತೋಡಿ ಮುಟ್ಟಿತ್ತು. ಹಲಗೆಯ ಚಿತ್ರದಲ್ಲಿ ಬಾಣದ ಗುರುತಿತ್ತು. ಕೈ ಇರಲಿಲ್ಲ, ಲಾಡಿ ಇರಲಿಲ್ಲ. ಅಡ್ಡ ಬರುತ್ತದೆಂದು ಅಳಿಸಿದ್ದ ಆ ಮೈಯ ಜೊತೆಗೆ ಅವೂ ಹೋಗಿದ್ದವು.

“ಹೋಗಿ ಹೇಳಿ ಬರ್ರಿ,” ಎಂದರು ಸುವರ್ಣಮ್ಮ. ಆ ದಿನ ಅವರಿಗೆ ಹಳದಿಯ ಮಾತನ್ನೂ ಬಿಚ್ಚಿ ಹೇಳಿದ್ದಾಗಿತ್ತು. ಕೇಳಿ ಆಕೆ ಬೈಯಲಿಲ್ಲ. ಬುತ್ತಿ ಕಟ್ಟಿಕೊಟ್ಟು, “ಹಸಿರಿಂದಷ್ಟ ಹೇಳಿ ಬರಬ್ಯಾಡ್ರಿ ಮತ್ತ,” ಎಂದರು.

ತೇರದಾಳದಲ್ಲಿ ಬಸ್ಸಿಳಿದಾಗ ಹನ್ನೊಂದೂವರೆ. ಭಾನುವಾರ. ಪದ್ಮಲತಾ ಕನ್ನಡಕ ಏರಿಸಿಕೊಂಡು ಬಾಗಿಲಲ್ಲಿ ಒಂದು ಗಳಿಗೆ ನೋಡಿ, “ಅಯ್ಯ, ಮುಳಗುಂದ ಸರ! ಬರ್ರಿ, ಬರ್ರಿ. ಕೂಡ್ರಿ. ನೀರು ತರ್ತೀನಿ,” ಎಂದು ಸಂಭ್ರಮಪಟ್ಟರು. ಮೈ ಸ್ವಲ್ಪ ಇಳಿದಿತ್ತು, ನಗು ಅದೇ ಇತ್ತು. ಮೇಜಿನ ಮೇಲೆ ಪಿಯುಸಿ ಹುಡುಗಿಯರ ಉತ್ತರ ಪತ್ರಿಕೆಗಳ ಕಟ್ಟು. ಮುಳಗುಂದರು ನೀರು ಕುಡಿಯುವ ಮೊದಲೇ ಹೇಳಿಬಿಟ್ಟರು: “ಮೇಡಂ, ನಿಮ್ಮ ಏಳನೇ ಹೆಜ್ಜಿ ಖರೇ ಐತಿ. ಹಸಿರು ಬಂದೈತಿ.”

ಆಕೆ ಒಳಗೆ ಹೋಗಿ, ತಡಮಾಡಿ, ಮುಖ ತೊಳೆದುಕೊಂಡು ಬಂದರು. ಕಣ್ಣು ಕೆಂಪಾಗಿದ್ದವು, ತುಟಿ ನಗುತ್ತಿತ್ತು. “ಖರೇ ಐತೇನ್ರಿ? ತೋರಿಸ್ರಿ.”

ಹಲಗೆಯ ಚಿತ್ರವನ್ನು ಲ್ಯಾಪ್‌ಟಾಪಿನಲ್ಲಿ ತೆರೆದರು. ಆಕೆ ತಮ್ಮದೇ ಅಕ್ಷರವನ್ನು ಮೂಗಿಗೆ ಹತ್ತುವಷ್ಟು ಸನಿಹದಿಂದ ಓದಿದರು. ಒಂದು, ಎರಡು, ಆರರವರೆಗೆ ಬೆರಳು ಸಲೀಸಾಗಿ ಸರಿಯಿತು. ಏಳರಲ್ಲಿ ನಿಂತಿತು. ಕಪಾಟಿನಿಂದ ಒಂದು ಲಾಡಿ ಹುಡುಕಿ ತಂದು, ತುದಿ ಕಟ್ಟಿ, ಸಿಕ್ಕು ಹಾಕಿ, ಬೆರಳಿಗೆ ಏರಿಸಿದರು. ಒಳಗೆ ಹಾಕಿದರು. ಮುಂಗೈ ಹೊರಳಿಸಿದರು. ಸಿಕ್ಕು ಹಾಗೇ ಇತ್ತು. ಇನ್ನೊಂದು ರೀತಿ ನೋಡಿದರು. “ಸರ, ನೀವು ನೋಡಿದ್ರಲ್ಲ, ಹ್ಯಾಂಗ ಮಾಡಿದ್ದೆ ನಾ?” ಎಂದರು. ಮುಳಗುಂದರು ಲಾಡಿ ಇಸಿದುಕೊಂಡು ತಾವೂ ಯತ್ನಿಸಿದರು. ಹನ್ನೊಂದು ವರ್ಷದ ಹಿಂದೆ ಕೂತಲ್ಲಿಂದ ಕಂಡದ್ದು ಕಣ್ಣಿಗೆ ನೆನಪಿತ್ತು, ಕೈಗೆ ಅದು ಎಂದೂ ಬಂದೇ ಇರಲಿಲ್ಲ. ಬುತ್ತಿಯ ರೊಟ್ಟಿ ಹಂಚಿಕೊಂಡು ತಿಂದರು, ಮತ್ತೆ ಕೂತರು. ಒಮ್ಮೆ ಆಕೆ “ಹಾಂ!” ಎಂದರು, ಮರುಗಳಿಗೆ ತಲೆಯಾಡಿಸಿದರು.

“ಇಲ್ಲಿಗೆ ಬಂದು ಮೂರು ವರ್ಷ ಇದರಾಗ ತಪ್ಪು ಹುಡುಕಿದೆ ಸರ,” ಎಂದರು ಕೊನೆಗೆ, ಲಾಡಿಯನ್ನು ಮಡಿಲಿಗೆ ಬಿಟ್ಟು. “ದಿನಾ ಹುಡುಕಿದೆ. ಕೆಂಪು ಬಂದೈತಿ ಅಂದ್ರ ತಪ್ಪು ಇರಾಕ ಬೇಕಲ್ಲ. ಇಲ್ಲಿ ತಪ್ಪು, ಅಲ್ಲಿ ತಪ್ಪು ಅಂತ ನಾನ ಒಂದೊಂದ ಕಿತ್ತು ಒಗದೆ. ಕಡೀಕ ಕಣ್ಣು ಮುಚ್ಚಿದ್ರ ಆ ಗಂಟು ಕಾಣೋದ ನಿಂತ ಹೋತು. ಬರದಿಟ್ಟ ವಹಿ ಸುಟ್ಟೆ. ಈಗ ಖರೇ ಅಂತೀರಿ, ಸಂತೋಷ. ಯಾಕ ಖರೇ ಅನ್ನೂದು ನನ್ನ ಹತ್ರ ಇಲ್ರಿ.”

“ಯಾರ ಹತ್ರನೂ ಇಲ್ಲ,” ಎಂದರು ಮುಳಗುಂದರು. ಆ ಆರು ಲಕ್ಷ ಸಾಲಿನ ಸಂಗತಿ ಹೇಳಿದರು.

ಆಕೆ ಕೇಳಿಸಿಕೊಂಡು, ಮತ್ತೆ ಆ ಚಿತ್ರದ ಕಡೆ ನೋಡಿದರು. “ಒಂದು ತಿಳೀವಲ್ದು. ಖರೇ ಇದ್ದದ್ದಕ್ಕ ಮಷಿನ್ನು ಅವತ್ತು ಕೆಂಪು ಹ್ಯಾಂಗ ತೋರಿಸ್ತು?”

ಸುವರ್ಣಮ್ಮನ ಮಾತು ನೆನಪಾಗದಿದ್ದರೂ ಈಗ ಸುಳ್ಳು ಹೇಳಲು ಮುಳಗುಂದರಿಂದ ಆಗುತ್ತಿರಲಿಲ್ಲ. “ಕೆಂಪು ತೋರಿಸಿದ್ದಿಲ್ರಿ,” ಎಂದರು. “ಹಳದಿ ತೋರಿಸಿತ್ತು. ನಿಮ್ಮ ಹಿಂದ, ನಾಲ್ಕು ನಿಮಿಷ. ಆಮ್ಯಾಲ ನಾವು ಮಾಡಿದ ನಿಯಮಕ್ಕ ಕೆಂಪಾತು.”

“ಹಳದಿ ಇತ್ತೇನ್ರಿ?”

“ಇತ್ತು.”

“ನೀವು ನೋಡಿದ್ರಿ?”

“ನೋಡಿದ್ದೆ.”

ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಹೇಳಲು ಮುಳಗುಂದರು ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದರು. ಹೊಟ್ಟೆಕಿಚ್ಚು ಎಂಬ ಶಬ್ದವನ್ನೇ ಬಳಸಬೇಕು, ದಿಲ್ಲಿಯವರ ಮೇಲೆ ಹಾಕಬಾರದು ಎಂದೂ ನಿಶ್ಚಯಿಸಿದ್ದರು. ಬದುಕಿನುದ್ದಕ್ಕೂ ಯಾಕೆ ಯಾಕೆ ಎಂದು ಕೇಳುತ್ತ ಬಂದ ಹೆಣ್ಣುಮಗಳು ಅದೊಂದನ್ನು ಕೇಳಲಿಲ್ಲ. ಎದ್ದು ತಟ್ಟೆ ಎತ್ತಿದರು, ಲ್ಯಾಪ್‌ಟಾಪಿನ ಮುಚ್ಚಳ ಮೆಲ್ಲಗೆ ಮುಚ್ಚಿ ಅವರ ಕಡೆಗೆ ಸರಿಸಿದರು. ಉತ್ತರ ಪತ್ರಿಕೆಗಳ ಕಟ್ಟು ಬಿಚ್ಚಿ ಕೆಂಪು ಪೆನ್ನು ಕೈಗೆ ತೆಗೆದುಕೊಂಡರು.

“ನಿಮ್ಮೂರಿಗೆ ಕಡೀ ಬಸ್ಸು ಐದೂವರಿಗೆ ಐತ್ರಿ ಸರ,” ಎಂದರು, ತಲೆ ಎತ್ತದೆ. “ತಪ್ಪೀತು, ಹೊರಡ್ರಿ.”

ಗೋಡೆಯ ಗಡಿಯಾರದಲ್ಲಿ ಇನ್ನೂ ಮೂರು ಹೊಡೆದಿರಲಿಲ್ಲ.